ಐಲ್ ರಾಯಲ್‌ನ ತಾಮ್ರದ ಜಾಡು

ಅಮೆರಿಕದ ಲೇಕ್ ಸುಪೀರಿಯರ್ ಸರೋವರದಲ್ಲಿ ಐಲ್ ರಾಯಲ್ ಎಂಬ ದ್ವೀಪವಿದೆ. ಉದ್ದ ಸುಮಾರು 72 ಕಿ.ಮೀ. ಓಜಿಬ್ವೆ ಜನರಿಗೆ ಅದು ಮಿನಾಂಗ್. ಅಲ್ಲಿ ತಾಮ್ರ ಅಪ್ಪಟ ಲೋಹವಾಗಿಯೇ ಬಂಡೆಯಲ್ಲಿ ಕೂತಿದೆ. ಅದಿರು ಕರಗಿಸಿ ತೆಗೆಯುವ ಕಷ್ಟವಿಲ್ಲ. 4,000 ವರ್ಷಗಳಿಗೂ ಹಿಂದೆಯೇ ಅಲ್ಲಿನ ಮೂಲನಿವಾಸಿಗಳು ಗುಂಡುಕಲ್ಲಿನಿಂದ ಬಂಡೆ ಒಡೆದು ಅದನ್ನು ತೆಗೆಯುತ್ತಿದ್ದರು. ಅವರು ತೋಡಿದ ಸಾವಿರಕ್ಕೂ ಹೆಚ್ಚು ಕುಳಿಗಳು ಈಗಲೂ ಇವೆ.

ಸುಮಾರು 110 ಕೋಟಿ ವರ್ಷಗಳ ಹಿಂದೆ ಉತ್ತರ ಅಮೆರಿಕ ಖಂಡ ನಡುವೆಯೇ ಸೀಳತೊಡಗಿ, ಲಾವಾ ಪದರದ ಮೇಲೆ ಪದರವಾಗಿ ಹರಿಯಿತು. ಸೀಳು ಅರ್ಧಕ್ಕೇ ನಿಂತಿತು. ನಡುಭಾಗ ಕುಸಿದು, ಪದರಗಳೆಲ್ಲ ಬೋಗುಣಿಯಂತೆ ಬಾಗಿದವು. ಬೋಗುಣಿಯ ಒಂದು ಅಂಚು ಐಲ್ ರಾಯಲ್, ಎದುರಿನದು ಸರೋವರದಾಚೆಯ ಕೀವಿನಾ ಪರ್ಯಾಯ ದ್ವೀಪ. ಆಳದಿಂದ ಮೇಲೇರಿದ ಬಿಸಿನೀರು ಲಾವಾದ ಗುಳ್ಳೆಗಳಲ್ಲೂ ಬಿರುಕುಗಳಲ್ಲೂ ತಾಮ್ರ ತುಂಬಿತು. ಕೀವಿನಾ ಜಗತ್ತಿಗೇ ತಾಮ್ರ ಕೊಟ್ಟಿತು. ಅದೇ ಬಂಡೆಯ ದ್ವೀಪವೂ ಕೊಡದಿರುತ್ತದೆಯೇ ಎಂಬ ಆಸೆ ಮೂರು ಬಾರಿ ಗಣಿಗಾರರನ್ನು ಅಲ್ಲಿಗೆ ಕರೆತಂದಿತು.

1840ರ ದಶಕದಲ್ಲಿ ಬಂದ ಕಂಪನಿಗಳು 1855ರ ಹೊತ್ತಿಗೆ ಕೈಚೆಲ್ಲಿದವು. 1870ರ ದಶಕದಲ್ಲಿ ಬಂದವರು ಹಳೆಯ ಕುಳಿಗಳನ್ನೇ ದಾರಿಗುರುತಾಗಿ ಹಿಡಿದು ಮಿನಾಂಗ್ ಗಣಿ ತೋಡಿದರು. 1874ರಲ್ಲಿ ಅಲ್ಲಿ ಎರಡೂವರೆ ಟನ್ನಿಗೂ ಹೆಚ್ಚು ತೂಗುವ ತಾಮ್ರದ ಗಟ್ಟಿಯೊಂದು ಸಿಕ್ಕಿತು. ಅದರ ಮೇಲೆ ಪ್ರಾಚೀನರ ಸುತ್ತಿಗೆಯೇಟಿನ ಗುರುತುಗಳಿದ್ದವು! ಭೂವಿಜ್ಞಾನದ ಹೆಸರೇ ಇಲ್ಲದ ಕಾಲದಲ್ಲಿ ಅವರು ತಾಮ್ರದ ಪದರವನ್ನು ಅಷ್ಟು ಕರಾರುವಾಕ್ಕಾಗಿ ಗುರುತಿಸಿದ್ದರು ಎಂಬುದು ನನಗೆ ಈ ಕಥೆಯ ಅತಿ ದೊಡ್ಡ ವಿಸ್ಮಯ. ಆದರೆ ಗಣಿ ಉಳಿಯಲಿಲ್ಲ.

ಮೂರನೆಯದಾಗಿ, 1889ರಲ್ಲಿ ಬಂದ ವೆಂಡಿಗೊ ಕಾಪರ್ ಕಂಪನಿ ವಜ್ರದ ಮೊನೆಯ ಕೊರೆಯಂತ್ರ ತಂದಿತು. ದ್ವೀಪದ ನೈಋತ್ಯದಲ್ಲಿ ಸಾಲಾಗಿ ಕೊರೆದರೂ ಲಾಭವಾಗುವಷ್ಟು ತಾಮ್ರ ಸಿಗದೆ, ಕೆಲವೇ ವರ್ಷಗಳಲ್ಲಿ ಹೊರಟುಹೋಯಿತು. ಹೂಡಿದವರ ಹಣ ಮುಳುಗಿತು. ಆದರೆ ಕೊರೆಯಂತ್ರ ಮೇಲೆತ್ತಿದ ಉದ್ದುದ್ದ ಕಲ್ಲಿನ ತುಂಡುಗಳು ಆಲ್ಫ್ರೆಡ್ ಲೇನ್ ಎಂಬ ಭೂವಿಜ್ಞಾನಿಯ ಕೈಗೆ ಬಂದವು. ಲಾವಾ ಹೊರಮೈಯಲ್ಲಿ ಬೇಗ ಆರುತ್ತದೆ, ಅಲ್ಲಿ ಹರಳು ಸಣ್ಣದು. ನಡುವೆ ನಿಧಾನವಾಗಿ ಆರುತ್ತದೆ, ಅಲ್ಲಿ ದೊಡ್ಡದು. ಹರಳಿನ ಗಾತ್ರ ನೋಡುತ್ತಾ ಹೋದರೆ ಒಂದು ಲಾವಾ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ತಿಳಿಯುತ್ತದೆ. 1898ರಲ್ಲಿ ಪ್ರಕಟವಾದ ಲೇನ್ ವರದಿ ದ್ವೀಪದ ಪದರಗಳನ್ನು ಒಂದೊಂದಾಗಿ ಬಿಡಿಸಿಟ್ಟಿತು.

ದ್ವೀಪ 1940ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಮುಂದೆ ಭೂವಿಜ್ಞಾನಿ ಕಿಂಗ್ ಹ್ಯೂಬರ್ ಅದರ ಹೊಸ ಭೂವೈಜ್ಞಾನಿಕ ನಕ್ಷೆ ಮಾಡುವಾಗಲೂ ಲೇನ್ ಕೆಲಸವೇ ಬುನಾದಿಯಾಗಿತ್ತು. ದ್ವೀಪದ ಬೆನ್ನೆಲುಬಾದ ಗ್ರೀನ್‌ಸ್ಟೋನ್ ಏಣು ಮತ್ತು ಕೀವಿನಾದ ಕಡಿದಾದ ಬಂಡೆಸಾಲು ಒಂದೇ ಲಾವಾ ಪ್ರವಾಹದ ಎರಡು ತುದಿಗಳು. ನಡುಭಾಗ ಸರೋವರದ ತಳದಡಿ ಬಾಗಿಕೊಂಡಿದೆ.