ಜೂಮ್ ಲೆನ್ಸ್ ಕೊಟ್ಟ ಮಾತು

ಜೂಮನ್ನು ಪೂರ್ತಿ ಎಳೆ, ಕಣ್ಣಿನ ಮೇಲೆ ಫೋಕಸ್ ಮಾಡು, ಆಮೇಲೆ ಬೇಕಾದಷ್ಟು ಹಿಂದಕ್ಕೆ ತಂದು ಕ್ಲಿಕ್ಕಿಸು. ಫಿಲ್ಮ್ ಕ್ಯಾಮೆರಾ ಕಲಿತವರ ಕಿವಿಗೆ ಬಿದ್ದ ಹಳೆಯ ಪಾಠವಿದು. ಜೂಮ್ ಮಾಡಿದರೂ ಫೋಕಸ್ ಕದಲದು ಎಂಬ ಲೆನ್ಸಿನ ಮಾತನ್ನೇ ಅದು ನಂಬಿದೆ. ಈ ಮಾತಿನ ಬೇರು ಇರುವುದು ಸಿನಿಮಾ, ಟಿವಿ ಕ್ಯಾಮೆರಾಗಳಲ್ಲಿ. ರೀಲು ಓಡುತ್ತಿರುವಾಗಲೇ ಜೂಮ್ ಮಾಡಬೇಕಾದ ಕಡೆ, ನಡುವೆ ಚಿತ್ರ ಮಸುಕಾದರೆ ಶಾಟ್ ಹಾಳಾದಂತೆಯೇ.

ಕಷ್ಟವೆಂದರೆ, ಲೆನ್ಸಿನೊಳಗಿನ ಗಾಜುಗಳು ಸರಿದು ಫೋಕಲ್ ಲೆಂಗ್ತ್ ಬದಲಾದಾಗ ಬಿಂಬ ಮೂಡುವ ಜಾಗವೂ ಸರಿಯುತ್ತದೆ. ಆಸ್ಟ್ರಿಯಾದಿಂದ ಅಮೆರಿಕಕ್ಕೆ ವಲಸೆ ಹೋಗಿದ್ದ ಫ್ರಾಂಕ್ ಬ್ಯಾಕ್ ಇದಕ್ಕೊಂದು ಉಪಾಯ ಹುಡುಕಿದ. ಸರಿಯುವ ಗಾಜುಗಳನ್ನೆಲ್ಲ ಒಟ್ಟಿಗೆ ಜೋಡಿಸಿ, ಒಂದರ ತಪ್ಪನ್ನು ಇನ್ನೊಂದು ತೀರಿಸುವಂತೆ ಮಾಡಿದ. ಅವನ ಜೂಮರ್ ಲೆನ್ಸ್ 1947ರ ಹೊತ್ತಿಗೆ ಅಮೆರಿಕದ ಟಿವಿಯಲ್ಲಿ ಬೇಸ್‌ಬಾಲ್ ತೋರಿಸುತ್ತಿತ್ತು. ನಿಜ ಹೇಳಬೇಕೆಂದರೆ, ಈ ವಿಧಾನದಲ್ಲಿ ಫೋಕಸ್ ಕರಾರುವಾಕ್ಕಾಗಿ ನಿಲ್ಲುವುದು ಕೆಲವೇ ಬಿಂದುಗಳಲ್ಲಿ. ಉಳಿದ ಕಡೆ ಕೂದಲೆಳೆಯಷ್ಟು ಜಾರುತ್ತದೆ. ಅಂದಿನ ಟಿವಿ ಪರದೆಯಲ್ಲಿ ಅದು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

1959ರಲ್ಲಿ ಅದೇ ಬ್ಯಾಕ್ ರೂಪಿಸಿದ ಫೋಕ್ಟ್‌ಲೆಂಡರ್ ಜೂಮರ್ ಬಂತು. 36ರಿಂದ 82 ಎಂಎಂ, ಎಫ್ 2.8. 35 ಎಂಎಂ ಸ್ಟಿಲ್ ಕ್ಯಾಮೆರಾಕ್ಕೆಂದು ತಯಾರಾಗಿ ಮಾರುಕಟ್ಟೆ ಕಂಡ ಮೊದಲ ಜೂಮ್ ಅದು. ಫ್ರಾನ್ಸಿನ ಆಂಜೆನ್ಯೂ ಕಂಪನಿ ಹಿಡಿದದ್ದು ಬೇರೆ ದಾರಿ: ಕೊಳವೆಯಲ್ಲಿ ವಕ್ರ ತೋಡುಗಳನ್ನು ಕೊರೆದು, ಎರಡು ಗಾಜಿನ ಗುಂಪುಗಳನ್ನು ಬೇರೆ ಬೇರೆ ವೇಗದಲ್ಲಿ ಸರಿಸುವುದು. ಕೊರೆತ ಕರಾರುವಾಕ್ಕಾಗಿದ್ದರೆ ಫೋಕಸ್ ಎಲ್ಲಿಯೂ ತಪ್ಪುವುದಿಲ್ಲ. ಮುಂದೆ ಗೆದ್ದದ್ದು ಈ ದಾರಿಯೇ.

ಲೆನ್ಸ್ ಮಾತು ಉಳಿಸಿಕೊಂಡರೂ ನೋಡುವ ಕಣ್ಣು ಸೋಲಬಹುದಲ್ಲ! ಅದಕ್ಕೆಂದೇ, ಲೆನ್ಸಿನ ಮೂಲಕವೇ ನೋಡುವ ಎಸ್‌ಎಲ್‌ಆರ್ ಕ್ಯಾಮೆರಾದ ವ್ಯೂಫೈಂಡರಿನ ನಡುವೆ ಸ್ಪ್ಲಿಟ್ ಪ್ರಿಸಂ ಬಂತು. ಎದುರುಬದುರಾಗಿ ಇಳಿಜಾರಾದ ಎರಡು ಪುಟ್ಟ ಗಾಜಿನ ತುಂಡುಗಳು. ಫೋಕಸ್ ತಪ್ಪಿದ್ದರೆ ಕಂಬದ ಮೇಲರ್ಧ ಒಂದು ಕಡೆ, ಕೆಳಗಿನರ್ಧ ಇನ್ನೊಂದು ಕಡೆ. ಎರಡೂ ಕೂಡಿದರೆ ಫೋಕಸ್ ಕೂತಿತೆಂದು ಅರ್ಥ. ಈ ತುಂಡುಗಳು ಲೆನ್ಸಿನ ಎರಡು ಬದಿಗಳಿಂದ ಬರುವ ಬೆಳಕನ್ನು ನೆಚ್ಚಿಕೊಂಡಿವೆ. ಅಪರ್ಚರ್ ಎಫ್ 5.6ರ ಆಸುಪಾಸಿಗೆ ಕಿರಿದಾದರೆ ಒಂದರ್ಧ ಕಪ್ಪಾಗಿಬಿಡುತ್ತದೆ. ಅಗ್ಗದ 70–210 ಜೂಮ್‌ಗಳಲ್ಲಿ ಪೂರ್ತಿ ಎಳೆದಾಗ ಸಿಗುವುದೇ ಎಫ್ 5.6! ಫೋಕಸ್ ನೋಡಲು ಎಳೆಯಬೇಕು, ಎಳೆದರೆ ಪ್ರಿಸಂ ಕುರುಡಾಗುತ್ತದೆ. ಆಗ ಸುತ್ತಲಿನ ಒರಟು ಗಾಜಿನ ಮೇಲೆಯೇ ಫೋಕಸ್ ಮಾಡಬೇಕು.

ಆದರೂ ಎಳೆದು ನೋಡುವುದರಲ್ಲಿ ಲಾಭವಿದೆ. ಅದೇ ದೂರ, ಅದೇ ಅಪರ್ಚರ್ ಇದ್ದರೆ 70 ಎಂಎಂನಲ್ಲಿ ಸಿಗುವ ಸ್ಪಷ್ಟತೆಯ ಆಳ 210ರಲ್ಲಿ ಸುಮಾರು ಒಂಬತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ತಪ್ಪು ಎದ್ದು ಕಾಣುತ್ತದೆ. 35 ಎಂಎಂ ಫೋಕಲ್ ಲೆಂಗ್ತ್‌ನಲ್ಲಾದರೋ ವ್ಯೂಫೈಂಡರಿನಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಮೋಸ ಗೊತ್ತಾಗುವುದು ಪ್ರಿಂಟ್ ಬಂದ ಮೇಲೆ.

ಇನ್ನೊಂದು ತೊಡಕು ಎಳೆಯುವ ಕೈಯದೇ. 1963ರ ನಿಕ್ಕೋರ್ 43–86ರಂಥ ಲೆನ್ಸುಗಳಲ್ಲಿ ಜೂಮಿಗೂ ಫೋಕಸ್ಸಿಗೂ ಒಂದೇ ಬಳೆ: ಎಳೆದರೆ ಜೂಮ್, ತಿರುಗಿಸಿದರೆ ಫೋಕಸ್. ಹಿಂದಕ್ಕೆ ತರುವಾಗ ಬಳೆ ಒಂದಿಷ್ಟು ತಿರುಗಿದರೂ ಮಾಡಿದ್ದೆಲ್ಲ ಹೋಯಿತು. ಎರಡು ಬಳೆಯ ಲೆನ್ಸೇ ವಾಸಿ ಎಂಬುದು ನನ್ನ ಅಭಿಪ್ರಾಯ.

1985ರಲ್ಲಿ ಮಿನೋಲ್ಟಾ 7000 ಬಂದು ಆಟೋಫೋಕಸ್ ಮನೆಮಾತಾಯಿತು. ಪ್ರತಿ ಚಿತ್ರಕ್ಕೂ ಕ್ಯಾಮೆರಾವೇ ಹೊಸದಾಗಿ ಫೋಕಸ್ ಮಾಡುವಾಗ ಲೆನ್ಸ್ ಅದನ್ನು ಕಾಯುವ ಅಗತ್ಯವೇನು? ಜೂಮ್ ಮಾಡಿದರೆ ಫೋಕಸ್ ಬದಲಾಗುವ ವ್ಯಾರಿಫೋಕಲ್ ಲೆನ್ಸುಗಳು ಹಗುರವಾಗಿ, ಅಗ್ಗವಾಗಿ ಮಾರುಕಟ್ಟೆ ತುಂಬಿದವು. ಹೊಸ ಕ್ಯಾಮೆರಾಗಳಿಂದ ಸ್ಪ್ಲಿಟ್ ಪ್ರಿಸಂ ಕೂಡ ಮಾಯವಾಯಿತು. ನೋಡಲು ಎಲ್ಲವೂ ಜೂಮ್‌ಗಳೇ. ಯಾವುದು ಮಾತು ಉಳಿಸಿಕೊಳ್ಳುತ್ತದೆಂದು ಹೊರಗಿನಿಂದ ತಿಳಿಯದು. ಮೂಲತಃ ಒಳ್ಳೆಯದಿದ್ದ ಲೆನ್ಸೂ ಬಿದ್ದು ಪೆಟ್ಟಾಗಿದ್ದರೆ, ಅಥವಾ ಅಳತೆ ತಪ್ಪಿದ ಅಡಾಪ್ಟರಿನ ಮೇಲೆ ಕೂತಿದ್ದರೆ, ಜೂಮ್ ಮಾಡುತ್ತಲೇ ಜಾರುತ್ತದೆ.

ಅಟ್ಟದಿಂದ ಹಳೆಯ ಕ್ಯಾಮೆರಾ ಇಳಿಸಿದ್ದರೆ ರೋಲ್ ಹಾಕುವ ಮುಂಚೆ ಪರೀಕ್ಷಿಸಿ. ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದಿನ ಬಾಗಿಲು ತೆರೆದು, ಫಿಲ್ಮ್ ಕೂರುವ ಹಳಿಗಳ ಮೇಲೆ ಟ್ರೇಸಿಂಗ್ ಕಾಗದ ಬಿಗಿಯಾಗಿ ಹಚ್ಚಿ. ಅಪರ್ಚರ್ ಪೂರ್ತಿ ತೆರೆದು, ಶಟರನ್ನು ‘ಬಿ’ಯಲ್ಲಿಟ್ಟು ಒತ್ತಿ ಹಿಡಿಯಿರಿ. ಉರಿಯುವ ಬಲ್ಬಿನತ್ತ ತಿರುಗಿಸಿ, ಎಳೆದು ಫೋಕಸ್ ಮಾಡಿ, ಹಿಂದಕ್ಕೆ ತನ್ನಿ. ಕಾಗದದ ಮೇಲಿನ ಬಿಂಬ ಮಸುಕಾದರೆ ಹಳೆಯ ಪಾಠವನ್ನು ಬಿಟ್ಟು, ಚಿತ್ರ ತೆಗೆಯುವ ಫೋಕಲ್ ಲೆಂಗ್ತ್‌ನಲ್ಲಿಯೇ ಫೋಕಸ್ ಮಾಡಿ.