ನಂಬದವರೆಲ್ಲ ತಿಳಿಯದವರಲ್ಲ

2015ರ ಜನವರಿ 21ರಂದು ಅಮೆರಿಕದ ಸೆನೆಟ್ ಒಂದೇ ವಿಷಯದ ಮೇಲೆ ಎರಡು ಬಗೆಯಾಗಿ ಮತ ಹಾಕಿತು. ಕೆನಡಾದಿಂದ ಕಚ್ಚಾತೈಲ ತರುವ ಕೀಸ್ಟೋನ್ ಕೊಳವೆ ಮಾರ್ಗದ ಮಸೂದೆ ಅಂದು ಚರ್ಚೆಯಲ್ಲಿತ್ತು. ಹವಾಮಾನ ಬದಲಾವಣೆ ನಿಜ, ಅದು ಮೋಸವಲ್ಲ ಎಂಬ ತಿದ್ದುಪಡಿಯೊಂದು ಬಂತು. ಪರವಾಗಿ 98 ಮತ, ವಿರುದ್ಧ ಒಂದೇ ಒಂದು. ಇದೆಲ್ಲ ಮಹಾ ಮೋಸವೆಂದು ಪುಸ್ತಕವನ್ನೇ ಬರೆದಿದ್ದ ಒಕ್ಲಹೋಮಾದ ಜೇಮ್ಸ್ ಇನ್ಹೋಫ್ ಕೂಡ ಪರವಾಗಿಯೇ ಮತ ಹಾಕಿದರು. ಹವಾಮಾನ ಎಂದಿನಿಂದಲೂ ಬದಲಾಗುತ್ತಲೇ ಬಂದಿದೆ, ಒಪ್ಪಿಕೊಳ್ಳಲು ತಕರಾರೇನು ಎಂಬುದು ಅವರ ವರಸೆ. ಆಮೇಲೆ ಇನ್ನೊಂದು ತಿದ್ದುಪಡಿ ಬಂತು: ಈ ಬದಲಾವಣೆಯಲ್ಲಿ ಮನುಷ್ಯನ ಪಾಲು ಗಣನೀಯ. ಇದಕ್ಕೆ ಸಿಕ್ಕಿದ್ದು 50 ಮತ, ವಿರುದ್ಧ 49. ಅಂಗೀಕಾರಕ್ಕೆ 60 ಬೇಕಿದ್ದುದರಿಂದ ಅದು ಬಿದ್ದುಹೋಯಿತು. ಐದು ವಾರ ಕಳೆದ ಮೇಲೆ ಅದೇ ಇನ್ಹೋಫ್ ಹೊರಗೆ ಸುರಿದಿದ್ದ ಹಿಮವನ್ನು ಉಂಡೆ ಕಟ್ಟಿ ತಂದು, ಎಲ್ಲಿದೆ ನಿಮ್ಮ ತಾಪಮಾನ ಏರಿಕೆ ಎಂಬಂತೆ ಸದನದಲ್ಲಿ ಎಸೆದರು. ಆ ವರ್ಷ ಮುಗಿದಾಗ 2015 ಅಲ್ಲಿಯವರೆಗಿನ ಅತಿ ಬಿಸಿಯ ವರ್ಷವೆಂದು ದಾಖಲಾಗಿತ್ತು.

ಹಿಮದುಂಡೆಯ ಚಿತ್ರ ಜಗತ್ತೆಲ್ಲ ಸುತ್ತಿತು. ನನಗೆ ಅದಕ್ಕಿಂತ ದೊಡ್ಡ ಸುದ್ದಿಯೆನಿಸುವುದು ಆ ಎರಡು ಮತದಾನ. ಇಷ್ಟು ಜನರ ವಿಜ್ಞಾನ ಜ್ಞಾನ ಒಂದೇ ದಿನದಲ್ಲಿ ಹೀಗೆ ಕುಸಿಯಲಾರದು. ಮೊದಲ ಮಾತನ್ನು ಒಪ್ಪಿಕೊಂಡರೆ ಯಾರಿಗೂ ಖರ್ಚಿಲ್ಲ. ಎರಡನೆಯದನ್ನು ಒಪ್ಪಿದರೆ ಕಲ್ಲಿದ್ದಲಿಗೆ, ತೈಲಕ್ಕೆ ಯಾರೋ ಲೆಕ್ಕ ಕೊಡಬೇಕಾಗುತ್ತದೆ. ಸರ್ವೆ ನಕ್ಷೆಯೇ ತಪ್ಪು ಎಂದು ಕೂಗಾಡುವ ಜಮೀನುದಾರನ ಸಿಟ್ಟು ನಿಜಕ್ಕೂ ನಕ್ಷೆಯ ಮೇಲಿರುವುದಿಲ್ಲ, ಕೈಬಿಟ್ಟುಹೋಗುವ ಎರಡು ಗುಂಟೆಯ ಮೇಲಿರುತ್ತದೆ. ಹವಾಮಾನದ ಜಗಳವೂ ಬಹುಮಟ್ಟಿಗೆ ಇಂಥದ್ದೇ. ಇದು ವಿಜ್ಞಾನದ ಜಗಳವೆಂದು ತಿಳಿದಿರುವುದರಿಂದಲೇ ಸುತ್ತಲಿನ ಉಳಿದ ತಪ್ಪು ಕಲ್ಪನೆಗಳೂ ಹುಟ್ಟಿಕೊಂಡಿವೆ.

“ವಿಜ್ಞಾನಿಗಳಲ್ಲೇ ಒಮ್ಮತವಿಲ್ಲವಂತೆ”

ಇದರ ಭೌತವಿಜ್ಞಾನ ಮೋಟಾರು ಕಾರಿಗಿಂತ ಹಳೆಯದು. ಇಂಗಾಲದ ಡೈಆಕ್ಸೈಡ್ ತುಂಬಿದ ಗಾಜಿನ ಕೊಳವೆ ಬಿಸಿಲಿನಲ್ಲಿ ಹೆಚ್ಚು ಕಾಯುತ್ತದೆ ಎಂದು ಅಮೆರಿಕದ ಯೂನಿಸ್ ಫೂಟ್ 1856ರಲ್ಲೇ ತೋರಿಸಿದ್ದರು. ಈ ಅನಿಲದ ಪ್ರಮಾಣ ಇಮ್ಮಡಿಯಾದರೆ ಭೂಮಿ ಎಷ್ಟು ಬಿಸಿಯಾದೀತು ಎಂದು ಸ್ವೀಡನ್ನಿನ ಅರೇನಿಯಸ್ 1896ರಲ್ಲಿ ಕೈಯಲ್ಲೇ ಲೆಕ್ಕ ಹಾಕಿದರು. 2004ರಲ್ಲಿ ವಿಜ್ಞಾನದ ಇತಿಹಾಸಕಾರ್ತಿ ನಯೋಮಿ ಒರೆಸ್ಕಸ್ 928 ಸಂಶೋಧನಾ ಪ್ರಬಂಧಗಳ ಸಾರಾಂಶ ಓದಿ ನೋಡಿದಾಗ, ಮನುಷ್ಯ ಕಾರಣನೆಂಬ ಒಮ್ಮತವನ್ನು ತಳ್ಳಿಹಾಕಿದ ಒಂದೂ ಸಿಗಲಿಲ್ಲ.

ಶೇ 97 ಎಂಬ ಅಂಕಿಯನ್ನು ನೀವೂ ಕೇಳಿರುತ್ತೀರಿ. ಅದನ್ನು ಬಳಸುವವರೂ ಕೆಲವೊಮ್ಮೆ ತಪ್ಪಾಗಿಯೇ ಬಳಸುತ್ತಾರೆ. ಆ ಅಂಕಿ ಕೊಟ್ಟ 2013ರ ಅಧ್ಯಯನ ಸುಮಾರು 12,000 ಸಾರಾಂಶಗಳನ್ನು ನೋಡಿತು. ಮೂರರಲ್ಲಿ ಎರಡು ಪಾಲು ಕಾರಣದ ಬಗ್ಗೆ ಏನನ್ನೂ ಹೇಳಿರಲಿಲ್ಲ. ಏನಾದರೂ ಹೇಳಿದವುಗಳಲ್ಲಿ ಶೇ 97 ಮನುಷ್ಯನತ್ತ ಬೆರಳು ಮಾಡಿದ್ದವು. ಸುಮ್ಮನಿದ್ದವರು ಒಪ್ಪದವರು ಎಂದು ವಿರೋಧಿಗಳು ಎಣಿಸಿದರು. ಗುರುತ್ವಾಕರ್ಷಣೆ ನಿಜವೆಂದು ಪ್ರತಿ ಪ್ರಬಂಧದಲ್ಲೂ ಯಾರೂ ಬರೆಯುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು.

ಎಪ್ಪತ್ತರ ದಶಕದಲ್ಲಿ ಇದೇ ವಿಜ್ಞಾನಿಗಳು ಹಿಮಯುಗ ಬರುತ್ತದೆ ಎಂದಿದ್ದರಲ್ಲವೇ? ಕೆಲವು ಪತ್ರಿಕೆಗಳು ಹಾಗೆ ಬರೆದದ್ದು ನಿಜ. ಆದರೆ 1965ರಿಂದ 1979ರವರೆಗಿನ ಪ್ರಬಂಧಗಳನ್ನು ಹುಡುಕಿ ತೆಗೆದವರಿಗೆ ತಂಪಾಗುತ್ತದೆ ಎಂದದ್ದು 7, ಬಿಸಿಯಾಗುತ್ತದೆ ಎಂದದ್ದು 44 ಸಿಕ್ಕವು.

ವಿಜ್ಞಾನಿಗಳು ಜಗಳವಾಡುವುದೇ ಇಲ್ಲ ಎಂದಲ್ಲ. ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ತಾಪಮಾನ 1.5ರಿಂದ 4.5 ಡಿಗ್ರಿ ಏರಬಹುದೆಂದು 1979ರಲ್ಲಿ ಜೂಲ್ ಚಾರ್ನಿ ನೇತೃತ್ವದ ಸಮಿತಿ ಹೇಳಿತು. ಆ ಅಂತರವನ್ನು 2.5ರಿಂದ 4ಕ್ಕೆ ಇಳಿಸಲು ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಗೆ 2021ರವರೆಗೆ ಕಾಯಬೇಕಾಯಿತು. ಮೋಡಗಳು ಯಾವ ಕಡೆ ವಾಲುತ್ತವೆ ಎಂಬ ಒಂದೇ ಪ್ರಶ್ನೆ ನಲವತ್ತು ವರ್ಷ ತಿಂದಿತು. ಜಗಳ ನಡೆದದ್ದು ಎಷ್ಟು ಬಿಸಿ ಎಂಬುದರ ಮೇಲೆ. ಯಾರಿಂದ ಎಂಬುದರ ಮೇಲಲ್ಲ.

ಇನ್ನು, ಹವಾಮಾನ ಹಿಂದಿನಿಂದಲೂ ಬದಲಾಗಿದೆ ಎಂಬ ಇನ್ಹೋಫ್ ವಾದ. ಹೌದು, ಬದಲಾಗಿದೆ. ಈಗಿನ ಬಿಸಿ ಸೂರ್ಯನದ್ದಾಗಿದ್ದರೆ ವಾಯುಮಂಡಲ ಕೆಳಗಿನಿಂದ ಮೇಲಿನವರೆಗೂ ಕಾಯಬೇಕಿತ್ತು. ಹಸಿರುಮನೆ ಅನಿಲದ್ದಾದರೆ ಕೆಳಗಿನ ಪದರ ಬಿಸಿಯಾಗಿ, ಮೇಲಿನ ಸ್ತರಗೋಳ ತಣ್ಣಗಾಗಬೇಕು ಎಂದು ಹವಾಮಾನ ವಿಜ್ಞಾನಿ ಸ್ಯುಕುರೊ ಮನಾಬೆ 1967ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಉಪಗ್ರಹಗಳು ಅಳೆದು ಕಂಡದ್ದು ಎರಡನೆಯದನ್ನು. ಮನಾಬೆಯವರಿಗೆ 2021ರಲ್ಲಿ ನೊಬೆಲ್ ಬಂತು.

“ರಾಜಕಾರಣಿಗಳಿಗೆ ಇದೆಲ್ಲ ಎಲ್ಲಿ ತಿಳಿಯಬೇಕು”

ನಮ್ಮಲ್ಲಿ ಬಹಳ ಜನಪ್ರಿಯವಾದ, ಬಹಳ ತಪ್ಪಾದ ನಂಬಿಕೆ ಇದು. ಅವರಿಗೆ ತಿಳಿದಿತ್ತು, ಬಹಳ ಹಿಂದೆಯೇ ತಿಳಿದಿತ್ತು.

1965ರ ಫೆಬ್ರುವರಿಯಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅಮೆರಿಕದ ಸಂಸತ್ತಿಗೆ ಕಳಿಸಿದ ಸಂದೇಶದಲ್ಲಿ, ಇಂಧನ ಸುಟ್ಟು ಹೊರಬರುವ ಇಂಗಾಲದ ಡೈಆಕ್ಸೈಡ್ ವಾಯುಮಂಡಲವನ್ನೇ ಬದಲಿಸುತ್ತಿದೆ ಎಂಬ ಮಾತಿದೆ. 1988ರ ಜೂನ್ 23ರಂದು ನಾಸಾದ ಜೇಮ್ಸ್ ಹ್ಯಾನ್ಸನ್ ಸೆನೆಟ್ ಸಮಿತಿಯ ಮುಂದೆ, ಈ ಬಿಸಿ ಸಹಜ ಏರಿಳಿತವಲ್ಲ ಎಂದು ಶೇ 99ರಷ್ಟು ಖಚಿತವಾಗಿ ಹೇಳಬಲ್ಲೆ ಎಂದು ಸಾಕ್ಷ್ಯ ನುಡಿದರು. ಅದೇ ಬೇಸಿಗೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಜಾರ್ಜ್ ಬುಷ್, ಹಸಿರುಮನೆ ಪರಿಣಾಮಕ್ಕೆ ಶ್ವೇತಭವನದ ಪರಿಣಾಮ ತೋರಿಸುತ್ತೇನೆಂದು ಚುನಾವಣಾ ಭಾಷಣ ಮಾಡಿದರು. ಬ್ರಿಟನ್ನಿನಲ್ಲಿ ಬಲಪಂಥದ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಇನ್ನೂ ಮುಂದೆ ಹೋದರು. ಆಕ್ಸ್‌ಫರ್ಡ್‌ನಲ್ಲಿ ರಸಾಯನಶಾಸ್ತ್ರ ಓದಿದ ಆಕೆ 1989ರ ನವೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯಸಭೆಯಲ್ಲಿ ನಿಂತು ಜಾಗತಿಕ ಒಪ್ಪಂದವೇ ಬೇಕೆಂದರು. ಬಲಪಂಥದವರು ಮೊದಲಿನಿಂದಲೂ ವಿಜ್ಞಾನದ ವಿರೋಧಿಗಳು ಎನ್ನುವವರು ಈ ಭಾಷಣವನ್ನೊಮ್ಮೆ ಓದಬೇಕು. 1992ರ ರಿಯೊ ಹವಾಮಾನ ಒಪ್ಪಂದಕ್ಕೆ ಬುಷ್ ಸಹಿ ಹಾಕಿದರು, ಸೆನೆಟ್ ಅದೇ ವರ್ಷ ಅನುಮೋದಿಸಿತು. ರಿಯೊದಲ್ಲಿ ಯಾರೂ ಇಂತಿಷ್ಟು ಕಡಿತ ಮಾಡಲೇಬೇಕೆಂಬ ಕಟ್ಟಳೆ ಇರಲಿಲ್ಲ ಎಂಬುದನ್ನು ಮರೆಯಬಾರದು.

ಕಟ್ಟಳೆಯ ಮಾತು ಬಂದದ್ದು ಕ್ಯೋಟೊ ಒಪ್ಪಂದದಲ್ಲಿ. ಅದಕ್ಕೆ ಮೊದಲೇ, 1997ರ ಜುಲೈನಲ್ಲಿ ಸೆನೆಟ್ 95-0 ಮತದಿಂದ ಒಂದು ನಿರ್ಣಯ ಮಾಡಿತು. ಭಾರತ, ಚೀನಾದಂಥ ದೇಶಗಳಿಗೆ ಅನ್ವಯಿಸದ, ಅಮೆರಿಕದ ಆರ್ಥಿಕತೆಗೆ ಪೆಟ್ಟು ಕೊಡುವ ಒಪ್ಪಂದ ನಮಗೆ ಬೇಡ ಎಂಬುದು ಅದರ ತಿರುಳು. ಮಂಡಿಸಿದವರಲ್ಲಿ ಒಬ್ಬರು ಕಲ್ಲಿದ್ದಲ ನಾಡಾದ ವೆಸ್ಟ್ ವರ್ಜೀನಿಯಾದ ಡೆಮಾಕ್ರಟ್ ರಾಬರ್ಟ್ ಬರ್ಡ್. ಆ ನಿರ್ಣಯದಲ್ಲಿ ವಿಜ್ಞಾನ ಸುಳ್ಳೆಂಬ ಮಾತಿಲ್ಲ. ಇಷ್ಟೇ ಹೇಳಿ ನಿಂತಿದ್ದರೆ ಅದು ಪ್ರಾಮಾಣಿಕ ರಾಜಕೀಯ ತಕರಾರಾಗಿ ಉಳಿಯುತ್ತಿತ್ತು.

ಆದರೆ ಕೊಡಲಾರೆ ಎನ್ನುವುದಕ್ಕಿಂತ ಕೊಡಬೇಕಾದದ್ದೇ ಇಲ್ಲ ಎನ್ನುವುದು ಸುಲಭ. ಮರುವರ್ಷ ಅಮೆರಿಕದ ಪೆಟ್ರೋಲಿಯಂ ಉದ್ಯಮ ಸಂಘಟನೆಯ ಮನೆಯಲ್ಲಿ ತಯಾರಾದ ಯೋಜನೆಯೊಂದು ಪತ್ರಿಕೆಗೆ ಸೋರಿತು. ಸಾಮಾನ್ಯ ನಾಗರಿಕರಿಗೆ ಹವಾಮಾನ ವಿಜ್ಞಾನದ ಅನಿಶ್ಚಿತತೆ ಮನದಟ್ಟಾದ ದಿನ ನಮ್ಮ ಗೆಲುವು ಎಂಬುದು ಅದರ ಗುರಿ. ಅದರಲ್ಲಿ ಎಕ್ಸಾನ್ ಕಂಪನಿಯ ಕೈಯೂ ಇತ್ತು. ಅದೇ ಎಕ್ಸಾನ್‌ನ ವಿಜ್ಞಾನಿಗಳು 1977ರಿಂದ ತಮ್ಮ ಯಜಮಾನರಿಗೆ ಕೊಟ್ಟ ಮುನ್ಸೂಚನೆಗಳನ್ನು 2023ರಲ್ಲಿ ಸಂಶೋಧಕರು ತಾಳೆ ನೋಡಿದರು. ಹೆಚ್ಚಿನವು ಸರಿಯಾಗಿಯೇ ಇದ್ದವು. ದಶಕಕ್ಕೆ ಸುಮಾರು 0.2 ಡಿಗ್ರಿ ಏರುತ್ತದೆ ಎಂದಿದ್ದರು, ಏರಿತು.

2002ರ ಸುಮಾರಿಗೆ ರಿಪಬ್ಲಿಕನ್ ಸಲಹೆಗಾರ ಫ್ರಾಂಕ್ ಲಂಟ್ಸ್ ಪಕ್ಷಕ್ಕೆ ಬರೆದುಕೊಟ್ಟ ಟಿಪ್ಪಣಿ, ವಿಜ್ಞಾನದ ವಾದದ ಬಾಗಿಲು ಮುಚ್ಚಿಕೊಳ್ಳುತ್ತಿದೆ, ಪೂರ್ತಿ ಮುಚ್ಚುವ ಮೊದಲು ಅನುಮಾನವನ್ನು ಉಳಿಸಿಕೊಳ್ಳಿ ಎಂದು ಬುದ್ಧಿ ಹೇಳುತ್ತದೆ. ಸಾಕ್ಷ್ಯ ಯಾವ ಕಡೆಗಿದೆ ಎಂದು ಗೊತ್ತಿಲ್ಲದವನು ಬರೆಯುವ ಸಾಲಲ್ಲ ಇದು. ಲಂಟ್ಸ್ 2019ರಲ್ಲಿ ಸೆನೆಟರುಗಳ ಮುಂದೆ ಬಂದು, ಅಂದು ನಾನು ಹೇಳಿದ್ದು ತಪ್ಪು, ಅದನ್ನು ಬಳಸುವುದು ಬಿಡಿ ಎಂದರು.

ಪಕ್ಷದೊಳಗೇ ಮಾತಾಡಿದವರ ಪಾಡು ಬೇರೆ. ದಕ್ಷಿಣ ಕೆರೊಲಿನಾದ ರಿಪಬ್ಲಿಕನ್ ಸಂಸದ ಬಾಬ್ ಇಂಗ್ಲಿಸ್ ಅಂಟಾರ್ಕ್ಟಿಕಾಕ್ಕೆ ಹೋಗಿ ಹಿಮದ ಸಾಕ್ಷ್ಯ ನೋಡಿ ಬಂದು, 2009ರಲ್ಲಿ ಇಂಗಾಲದ ಮೇಲೆ ತೆರಿಗೆಯ ಮಸೂದೆ ತಂದರು. ಮರುವರ್ಷ ಸ್ವಂತ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲೇ ಹೀನಾಯವಾಗಿ ಸೋತರು. ಸೋಲಿಗೆ ಬೇರೆ ಕಾರಣಗಳೂ ಇದ್ದವು. ಉಳಿದ ಸಂಸದರು ಕಲಿತ ಪಾಠ ಮಾತ್ರ ಒಂದೇ. ಥ್ಯಾಚರ್ ಕೂಡ ಅಧಿಕಾರ ಬಿಟ್ಟ ಎಷ್ಟೋ ವರ್ಷಗಳ ಮೇಲೆ, 2002ರ ಪುಸ್ತಕದಲ್ಲಿ, ಇದು ಸಮಾಜವಾದಕ್ಕೆ ನೆಪವಾಗುತ್ತಿದೆ ಎಂದು ರಾಗ ಬದಲಿಸಿದರು. ಡೊನಾಲ್ಡ್ ಟ್ರಂಪ್ ಅವರಂತೂ 2009ರ ಡಿಸೆಂಬರ್‌ನಲ್ಲಿ, ಕೋಪನ್‌ಹೇಗನ್ ಹವಾಮಾನ ಸಮಾವೇಶದ ಹೊತ್ತಿಗೆ, ಹವಾಮಾನ ರಕ್ಷಣೆಗೆ ಕ್ರಮ ಬೇಕೆಂದು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಉದ್ಯಮಿಗಳು ಹಾಕಿದ್ದ ಪೂರ್ತಿ ಪುಟದ ಜಾಹೀರಾತಿಗೆ ಹೆಸರು ಕೊಟ್ಟಿದ್ದರು. 2025ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ಹವಾಮಾನ ಬದಲಾವಣೆಯನ್ನೇ ಜಗತ್ತಿನ ಅತಿ ದೊಡ್ಡ ವಂಚನೆ ಎಂದರು. ನಡುವಿನ ಹದಿನಾರು ವರ್ಷಗಳಲ್ಲಿ ವಿಜ್ಞಾನದ ಸಾಕ್ಷ್ಯ ಗಟ್ಟಿಯಾಗುತ್ತಲೇ ಹೋಗಿತ್ತು.

“ಸರಿಯಾಗಿ ಓದಿಸಿದರೆ ಒಪ್ಪುತ್ತಾರೆ”

ಮೇಷ್ಟ್ರುಗಳಿಗೂ ನನ್ನಂಥ ಲೇಖಕರಿಗೂ ಇಷ್ಟವಾಗುವ ನಂಬಿಕೆ. ಸಂಶೋಧಕ ಡ್ಯಾನ್ ಕಹಾನ್ ಮತ್ತು ಸಂಗಡಿಗರು 2012ರಲ್ಲಿ ಅಮೆರಿಕನ್ನರ ವಿಜ್ಞಾನ ಜ್ಞಾನವನ್ನೂ ಲೆಕ್ಕದ ಜಾಣ್ಮೆಯನ್ನೂ ಅಳೆದು, ಹವಾಮಾನದ ಬಗ್ಗೆ ಅವರಿಗಿರುವ ಆತಂಕಕ್ಕೆ ಹೋಲಿಸಿದರು. ಜ್ಞಾನ ಹೆಚ್ಚಿದಂತೆ ಎರಡು ಬಣಗಳ ನಡುವಿನ ಕಂದಕ ಕಿರಿದಾಗಲಿಲ್ಲ, ಅಗಲವಾಯಿತು. ತನ್ನ ಬಣದ ಮಾತನ್ನು ಸಮರ್ಥಿಸಲು ಜಾಣನಿಗೆ ಹೆಚ್ಚು ಅಸ್ತ್ರ ಸಿಗುತ್ತವೆ, ಅಷ್ಟೇ.

“ಹಿಮಾಲಯದ ವಿಷಯದಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದರಲ್ಲ”

ಸಿಕ್ಕಿಬಿದ್ದದ್ದು ನಿಜ. ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೆ ಮಾಯವಾಗಬಹುದು ಎಂದು ಐಪಿಸಿಸಿಯ 2007ರ ವರದಿಯಲ್ಲಿ ಅಚ್ಚಾಗಿತ್ತು. ಮೂಲ ಹುಡುಕುತ್ತ ಹೋದರೆ ಸ್ವಯಂಸೇವಾ ಸಂಸ್ಥೆಯೊಂದರ ವರದಿ, ಅದರ ಹಿಂದೆ 1999ರ ಪತ್ರಿಕಾ ಲೇಖನ. ತಜ್ಞರ ಪರಿಶೀಲನೆ ಕಂಡ ಪ್ರಬಂಧ ಎಲ್ಲೂ ಇರಲಿಲ್ಲ. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ 2009ರ ನವೆಂಬರ್‌ನಲ್ಲಿ ಭೂವಿಜ್ಞಾನಿ ವಿ.ಕೆ. ರೈನಾ ಅವರ ಪ್ರಬಂಧವನ್ನು ಬಿಡುಗಡೆ ಮಾಡಿ ಪ್ರಶ್ನೆ ಎತ್ತಿದರು. ಐಪಿಸಿಸಿ ಅಧ್ಯಕ್ಷ ರಾಜೇಂದ್ರ ಪಚೌರಿ ಅದನ್ನು ಮಾಟಮಂತ್ರದ ವಿಜ್ಞಾನವೆಂದು ಹೀಯಾಳಿಸಿದರು. ಎರಡು ತಿಂಗಳಲ್ಲಿ ಐಪಿಸಿಸಿಯೇ ತಪ್ಪೊಪ್ಪಿಕೊಂಡಿತು. ಸಚಿವರು ಹೇಳಿದ್ದು ಸರಿ, ವಿಜ್ಞಾನ ಸಂಸ್ಥೆಯ ಮುಖ್ಯಸ್ಥರು ಹೇಳಿದ್ದು ತಪ್ಪು ಎಂಬ ಅಪರೂಪದ ಪ್ರಕರಣ. ಪಚೌರಿಯವರ ಸೊಕ್ಕು ಮಾಡಿದ ಹಾನಿ ಆ ತಪ್ಪಿಗಿಂತ ದೊಡ್ಡದು ಎಂದೇ ನನ್ನ ಎಣಿಕೆ.

ಆದರೆ ತಪ್ಪಿದ್ದದ್ದು ಇಸವಿ. ಹಿಮ ಕರಗುವುದಕ್ಕೂ ತಾಪಮಾನ ಏರಿಕೆಗೂ ನಂಟಿದೆ ಎನ್ನಲು ಗಟ್ಟಿ ಪುರಾವೆಯಿಲ್ಲ ಎಂಬ ರೈನಾ ಪ್ರಬಂಧದ ಇನ್ನೊಂದು ವಾದ ಉಳಿಯಲಿಲ್ಲ. ಹಿಂದೂಕುಶ್ ಹಿಮಾಲಯದ ಹಿಮನದಿಗಳು 2011–2020ರಲ್ಲಿ ಅದರ ಹಿಂದಿನ ದಶಕಕ್ಕಿಂತ ಶೇ 65ರಷ್ಟು ವೇಗವಾಗಿ ಕರಗಿವೆ ಎಂದು ಕಠ್ಮಂಡುವಿನ ಐಸಿಮೋಡ್ ಸಂಸ್ಥೆ 2023ರಲ್ಲಿ ವರದಿ ಮಾಡಿತು.

“ಇದು ಅಮೆರಿಕದ ರೋಗ, ನಮಗಿಲ್ಲ”

ಸದನದಲ್ಲಿ ಹಿಮದುಂಡೆ ಎಸೆಯುವವರು ನಮ್ಮಲ್ಲಿಲ್ಲ ಎಂಬುದು ಸರಿ. 2014ರ ಶಿಕ್ಷಕರ ದಿನದಂದು ಮಕ್ಕಳೊಡನೆ ಮಾತಾಡುತ್ತ ಪ್ರಧಾನಿ ನರೇಂದ್ರ ಮೋದಿ, ವಯಸ್ಸಾದವರಿಗೆ ಈ ಸಲ ಚಳಿ ಹೆಚ್ಚು ಅನ್ನಿಸುವಂತೆ ಬದಲಾಗಿರುವುದು ಹವಾಮಾನವಲ್ಲ, ನಾವು ಎಂಬ ಧಾಟಿಯಲ್ಲಿ ಉತ್ತರಿಸಿದ್ದರು. ಮರುವರ್ಷವೇ ಪ್ಯಾರಿಸ್‌ನಲ್ಲಿ ಅಂತರರಾಷ್ಟ್ರೀಯ ಸೌರ ಒಕ್ಕೂಟಕ್ಕೆ ಚಾಲನೆ ಕೊಟ್ಟರು. ಇಲ್ಲಿ ವೇದಿಕೆಯ ಮೇಲೆ ಎಲ್ಲರೂ ವಿಜ್ಞಾನದ ಪರವೇ.

ಪರೀಕ್ಷೆ ಎದುರಾಗುವುದು ಜಮೀನಿನ ಮೇಲೆ ಗೆರೆ ಎಳೆದಾಗ. ಪಶ್ಚಿಮಘಟ್ಟದ ಬಗ್ಗೆ ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಅದು ತೀರಾ ಕಠಿಣವೆಂಬ ಕೂಗಿನ ಮೇಲೆ ಇಸ್ರೊ ಮಾಜಿ ಅಧ್ಯಕ್ಷ ಕಸ್ತೂರಿರಂಗನ್ ಸಮಿತಿ ಬಂತು. 2013ರಲ್ಲಿ ಅದು ಕರ್ನಾಟಕದ 20,668 ಚದರ ಕಿ.ಮೀ. ಪರಿಸರ ಸೂಕ್ಷ್ಮವೆಂದು ಗುರುತಿಸಿತು. ಒಕ್ಕಲೆಬ್ಬಿಸುತ್ತಾರೆ ಎಂಬ ಸುದ್ದಿ ಮಲೆನಾಡಿನಲ್ಲಿ ಹಬ್ಬಿತು. ವರದಿಯಲ್ಲಿ ನಿಷೇಧವಿದ್ದದ್ದು ಗಣಿ, ಕಲ್ಲುಕ್ವಾರಿ, ಉಷ್ಣ ವಿದ್ಯುತ್ ಸ್ಥಾವರ, ಭಾರಿ ಕಟ್ಟಡಗಳಿಗೆ. ಕೃಷಿಗಲ್ಲ. ಊರಿನ ಶೇ 20 ಭಾಗ ಕಾಡಿದ್ದರೂ ಇಡೀ ಊರನ್ನೇ ಪಟ್ಟಿಗೆ ಸೇರಿಸಿದ್ದು ರೈತರ ನ್ಯಾಯವಾದ ತಕರಾರು. ಅದನ್ನು ಕೂತು ಬಗೆಹರಿಸಬಹುದಿತ್ತು. ಬದಲಿಗೆ ಯಾವ ಪಕ್ಷದ ಸರ್ಕಾರವಿದ್ದರೂ ವರದಿಯೇ ಅವೈಜ್ಞಾನಿಕ ಎಂದು ಒಂದೇ ಸ್ವರದಲ್ಲಿ ಹೇಳಿದರು. 2024ರ ಜುಲೈ 30ರಂದು ಪಕ್ಕದ ಕೇರಳದ ವಯನಾಡಿನಲ್ಲಿ ಗುಡ್ಡ ಕುಸಿಯಿತು. ಅಂದಿನ ಮಳೆ ಹವಾಮಾನ ಬದಲಾವಣೆಯಿಂದ ಸುಮಾರು ಶೇ 10ರಷ್ಟು ಹೆಚ್ಚು ರಭಸವಾಗಿತ್ತೆಂದು ವಿಜ್ಞಾನಿಗಳು ಲೆಕ್ಕ ಕೊಟ್ಟರು. ಗುಡ್ಡ ಕುಸಿದ ಮರುದಿನವೇ ಕೇಂದ್ರ ಆರನೇ ಸಲ ಪಶ್ಚಿಮಘಟ್ಟದ ಕರಡು ಅಧಿಸೂಚನೆ ಹೊರಡಿಸಿತು. ಸೆಪ್ಟೆಂಬರ್‌ನಲ್ಲಿ ಕರ್ನಾಟಕದ ಸಂಪುಟ ವರದಿಯನ್ನು ತಿರಸ್ಕರಿಸಿತು.

“ಎಲ್ಲರೂ ನಂಬಿದ ಮೇಲಷ್ಟೇ ಏನಾದರೂ ಆದೀತು”

ಜನ ಆಗಲೇ ನಂಬಿದ್ದಾರೆ. ಹವಾಮಾನ ಕ್ರಮಗಳನ್ನು ಬೆಂಬಲಿಸುವ ಅಮೆರಿಕನ್ನರು ಶೇ 66ರಿಂದ 80. ಆದರೆ ಎಷ್ಟು ಜನ ಬೆಂಬಲಿಸುತ್ತಾರೆ ಎಂದು ಅವರನ್ನೇ ಕೇಳಿದರೆ ಶೇ 37ರಿಂದ 43 ಎಂದು ಊಹಿಸುತ್ತಾರೆ ಎಂಬುದು 2022ರ ಅಧ್ಯಯನ. 125 ದೇಶಗಳ ಸುಮಾರು 1,30,000 ಜನರನ್ನು ಮಾತಾಡಿಸಿದ ಮತ್ತೊಂದು ಸಮೀಕ್ಷೆಯಲ್ಲಿ ಶೇ 89 ಮಂದಿ ತಮ್ಮ ಸರ್ಕಾರ ಇನ್ನಷ್ಟು ಮಾಡಬೇಕೆಂದರು. ಗದ್ದಲ ಮಾಡುವವರು ಕಡಿಮೆ, ಸದ್ದು ಹೆಚ್ಚು.

ಮತ್ತೆ, ನಂಬಿಕೆಗೂ ಕೆಲಸಕ್ಕೂ ಅಂಥ ನಂಟೂ ಇಲ್ಲ. ಅಮೆರಿಕದಲ್ಲಿ ಗಾಳಿಯಿಂದ ಅತಿ ಹೆಚ್ಚು ವಿದ್ಯುತ್ ತೆಗೆಯುವ ರಾಜ್ಯ ತೈಲದ ತವರಾದ ಟೆಕ್ಸಸ್. ಅಯೋವಾ ತನ್ನ ವಿದ್ಯುತ್ತಿನ ಅರ್ಧಕ್ಕಿಂತ ಹೆಚ್ಚನ್ನು ಗಾಳಿಯಿಂದಲೇ ಪಡೆಯುತ್ತದೆ. ಗಾಳಿಯಂತ್ರಗಳಿಗೆ ತೆರಿಗೆ ರಿಯಾಯಿತಿ ಕೊಡುವ 1992ರ ಕಾನೂನಿನ ಹಿಂದಿದ್ದವರು ಆ ರಾಜ್ಯದ ರಿಪಬ್ಲಿಕನ್ ಸೆನೆಟರ್ ಚಕ್ ಗ್ರಾಸ್ಲಿ. ಹೊಲದಲ್ಲಿ ಯಂತ್ರ ನಿಲ್ಲಿಸಿಕೊಂಡ ರೈತರಿಗೆ ಬಾಡಿಗೆ ಬರುತ್ತದೆ. ಟ್ರಂಪ್ ಈ ರಿಯಾಯಿತಿ ತೆಗೆಯುವುದಾದರೆ ನನ್ನ ಹೆಣ ದಾಟಿಕೊಂಡು ಹೋಗಲಿ ಎಂದು ಗ್ರಾಸ್ಲಿ 2016ರಲ್ಲಿ ಗುಡುಗಿದ್ದರು. 2025ರ ಜುಲೈನಲ್ಲಿ ಅದನ್ನು ಮೊಟಕುಗೊಳಿಸಿದ ಟ್ರಂಪ್ ಮಸೂದೆಗೆ ಅವರೂ ಮತ ಹಾಕಿದರು. ಮರುತಿಂಗಳು, ನಿಯಮಗಳನ್ನು ಇನ್ನಷ್ಟು ಬಿಗಿ ಮಾಡಬಾರದೆಂದು ಖಜಾನೆ ಇಲಾಖೆಯ ನೇಮಕಗಳಿಗೆ ತಡೆಯೊಡ್ಡಿ ಕೂತರು.