ಅಪ್ಪನ ರಿಪೋರ್ಟ್ ಮತ್ತು ಎರಡು ಕೆಲಸದ ಪ್ರೋಟೀನ್

ಅಪ್ಪನ ದೊಡ್ಡ ಕರುಳಿನಲ್ಲಿ ಸಿಕ್ಕ ಪಾಲಿಪ್ ತೆಗೆದು ಬಯಾಪ್ಸಿಗೆ ಕಳಿಸಿದ್ದರು. ರಿಪೋರ್ಟ್‌ಗೆ ಕಾಯುತ್ತಾ ನಿದ್ದೆ ಬಾರದ ರಾತ್ರಿ, ಮೊಬೈಲ್‌ನಲ್ಲಿ ಓದುವಾಗ ಸಿಕ್ಕಿದ್ದು ಬೀಟಾ-ಕೆಟೆನಿನ್ ಎಂಬ ಪ್ರೋಟೀನ್.

ನಾವು ಕೋಡ್ ಬರೆಯುವಾಗ ಒಂದು ಫಂಕ್ಷನ್‌ಗೆ ಒಂದೇ ಕೆಲಸ ಅಂತೀವಿ. ಇದಕ್ಕೆ ಎರಡು. ಜೀವಕೋಶದ ಅಂಚಿನಲ್ಲಿ ಕ್ಯಾಡ್‌ಹೆರಿನ್ ಜೊತೆ ಸೇರಿ ಪಕ್ಕದ ಕೋಶವನ್ನು ಹಿಡಿದುಕೊಳ್ಳಲು ನೆರವಾಗುತ್ತೆ. ಕೋಶಕೇಂದ್ರಕ್ಕೆ ಹೋದರೆ ಬೆಳವಣಿಗೆಯ ಜೀನ್‌ಗಳನ್ನು ಆನ್ ಮಾಡುತ್ತೆ.

ಅದಕ್ಕೇ, ಅಂಚು ಬಿಟ್ಟು ಅಲೆಯುವ ಬೀಟಾ-ಕೆಟೆನಿನ್ ಅನ್ನು ಎಪಿಸಿ ಮತ್ತಿತರ ಪ್ರೋಟೀನ್‌ಗಳು ಹಿಡಿದು ನಾಶಕ್ಕೆ ಕಳಿಸುತ್ತವೆ. ಎಪಿಸಿ ಜೀನ್ ಕೆಟ್ಟರೆ ತಡೆಯೋರಿಲ್ಲ. ಕೋಶಗಳು ಹೆಚ್ಚುತ್ತಲೇ ಹೋಗುತ್ತವೆ. ಬಹುತೇಕ ಅಡಿನೋಮಾ ಪಾಲಿಪ್‌ಗಳ ಶುರು ಹೀಗೆ. ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ವರ್ಷಗಳೇ ಬೇಕು.

ಅಪ್ಪನದು ಅಡಿನೋಮಾ, ಕ್ಯಾನ್ಸರ್ ಅಲ್ಲ. ನಿಮ್ಮ ಮನೆಯಲ್ಲೂ ಡಾಕ್ಟರ್ ಹೇಳಿದ ಕೊಲೊನೋಸ್ಕೋಪಿ ಮುಂದಕ್ಕೆ ಹೋಗ್ತಾ ಇದ್ದರೆ, ಇವತ್ತೇ ಅಪಾಯಿಂಟ್‌ಮೆಂಟ್ ತಗೊಳ್ಳಿ.